ತೂಬಿನ ಬಳಿ ನಿಂತವನು: ಭಿನ್ನ ಸಮುದಾಯಗಳ ಕೂಡುದುಡಿಮೆ ಕುರಿತು

ಬೇರೆ ಬೇರೆ ಜಾತಿ, ಭಾಷೆ, ಮತದವರು ಒಂದೇ ತಂಡದಲ್ಲಿ ದುಡಿದರೆ ಕೆಲಸ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು ಸಂಶೋಧಕರು ಹೆಚ್ಚಾಗಿ ಕಚೇರಿ, ಕಾರ್ಖಾನೆಗಳಲ್ಲಿ ಪರೀಕ್ಷಿಸಿದ್ದಾರೆ. ತಿ. ನರಸೀಪುರ ಸೀಮೆಯಲ್ಲಿ ಈ ಪ್ರಶ್ನೆ ಕಾರ್ಖಾನೆಗಿಂತ ಹಳೆಯದು, ಅದು ನೀರಿನದು. ಹೆಮ್ಮಿಗೆಯ ಬಳಿ ಕಾವೇರಿಗೆ ಅಡ್ಡಲಾಗಿರುವ ಮಾಧವಮಂತ್ರಿ ಅಣೆಕಟ್ಟು ವಿಜಯನಗರ ಕಾಲದ್ದೆಂದು ಪ್ರತೀತಿ. ಇಂಥ ನಾಲೆಗಳಲ್ಲಿ ಮೇಲಿನ ಗದ್ದೆ ಕುಡಿದ ಮೇಲೆಯೇ ಕೊನೆಯ ಗದ್ದೆಗೆ ನೀರು. ಮೇಲಿನವನಿಗೂ ಕೊನೆಯವನಿಗೂ ನೆಂಟಸ್ತಿಕೆ ಇಲ್ಲದಿದ್ದರೆ ಏನಾಗುತ್ತದೆ?

ಕೀನ್ಯಾದ ಹೂವಿನ ತೋಟವೊಂದರಲ್ಲಿ ಅರ್ಥಶಾಸ್ತ್ರಜ್ಞ ಯೋನಾಸ್ ಯೋರ್ಟ್ ಕಂಡದ್ದು ಇಲ್ಲಿ ನೆರವಿಗೆ ಬರುತ್ತದೆ. ಮೂವರ ತಂಡದಲ್ಲಿ ಒಬ್ಬರು ಗುಲಾಬಿ ಹಂಚುವವರು, ಇಬ್ಬರು ಕಟ್ಟು ಕಟ್ಟುವವರು. ಹಂಚುವವರು ತಮ್ಮ ಬುಡಕಟ್ಟಿನವರಿಗೆ ಹೆಚ್ಚು ಹೂ ಕೊಟ್ಟರು, ಅನ್ಯರಿಗೆ ಕಡಿಮೆ. ಅದರಿಂದ ತಮ್ಮ ಕೂಲಿಯೇ ಇಳಿದರೂ ಬಿಡಲಿಲ್ಲ. 2008ರ ಚುನಾವಣೋತ್ತರ ಹಿಂಸೆಯ ನಂತರ ಪಕ್ಷಪಾತ ಇನ್ನೂ ಹೆಚ್ಚಿತು. ಕಟ್ಟುವವರಿಬ್ಬರ ಕೂಲಿಯನ್ನು ಒಟ್ಟುಗೂಡಿಸಿ ಸಮನಾಗಿ ಕೊಡತೊಡಗಿದಾಗ ಮಾತ್ರ ಅವರಿಬ್ಬರ ನಡುವಿನ ತಾರತಮ್ಯ ನಿಂತಿತು. 2014ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ‘ಮಿಶ್ರ ತಂಡ ನಷ್ಟದ ಬಾಬತ್ತು’ ಎಂದು ಓದುವವರಿದ್ದಾರೆ. ಅದು ಅವಸರದ ಓದು. ಪಶ್ಚಿಮ ಬಂಗಾಳದ ಆಹಾರ ಸಂಸ್ಕರಣಾ ಘಟಕವೊಂದರಲ್ಲಿ ಹಿಂದೂ, ಮುಸ್ಲಿಂ ಕಾರ್ಮಿಕರನ್ನು ಬೆರೆಸಿ ಅರ್ಕದೇವ್ ಘೋಷ್ ನಡೆಸಿದ ಪ್ರಯೋಗದಲ್ಲಿ, ಒಬ್ಬರ ಕೆಲಸ ಇನ್ನೊಬ್ಬರನ್ನು ಬಿಗಿಯಾಗಿ ನೆಚ್ಚಿದ ಕಡೆ ಮಾತ್ರ ಉತ್ಪಾದನೆ ಕುಗ್ಗಿತು. ಕೆಲವೇ ತಿಂಗಳಲ್ಲಿ ಆ ಕೊರತೆಯೂ ತುಂಬಿಕೊಂಡಿತು. ತೊಡಕು ಜನ ಬೇರೆಯಾಗಿರುವುದರಲ್ಲಿಲ್ಲ, ಒಬ್ಬರ ಪಾಲು ಇನ್ನೊಬ್ಬರ ಕೈಯಲ್ಲಿರುವುದರಲ್ಲಿದೆ.

ಇಂಥದೇ ಅವಲಂಬನೆ ನಮ್ಮ ಹಳ್ಳಿಯಲ್ಲೂ ಇತ್ತು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಕ್ಷೇತ್ರಕಾರ್ಯ ನಡೆಸಿದ ಕೊಡಗಹಳ್ಳಿ, ಅಂದರೆ ಅವರ ಬರಹಗಳ ‘ರಾಂಪುರ’, ತಿ. ನರಸೀಪುರ ತಾಲ್ಲೂಕಿನದೇ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದ ಮೇಲೆ ಬಹುಪಾಲು ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಆ ಪುಸ್ತಕದ ಆಪ್ತತೆಗೆ ಮರುಳಾಗಿ ಅದರೊಳಗಿನ ಏಣಿಯನ್ನು ಮರೆಯುವವರೇ ಹೆಚ್ಚು. ಒಕ್ಕಲು, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಒಬ್ಬರಿಗೊಬ್ಬರು ಬೇಕೇಬೇಕಾಗಿದ್ದರು, ನಿಜ. ಸುಗ್ಗಿಯ ಕಣದಲ್ಲಿ ಸೇವೆಗೆ ಸಲ್ಲುವ ಕಾಳಿನ ಪಾಲನ್ನು, ಅಂದರೆ ಆಯವನ್ನು, ಅಳೆಯುವ ಕೈ ಮಾತ್ರ ಜಮೀನುದಾರನದೇ. ಸರೀಕರ ನಡುವಿನ ಮುಯ್ಯಾಳು ಬೇರೆ ಲೆಕ್ಕ: ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನದಕ್ಕೆ ನೀನು. ಸಮಾನರ ಕೂಡುದುಡಿಮೆ ಮುಯ್ಯಿಯಲ್ಲಿತ್ತು, ಭಿನ್ನರ ಕೂಡುದುಡಿಮೆ ಆಯದಲ್ಲಿತ್ತು. ಭಿನ್ನರೂ ಸಮಾನರೂ ಆದವರ ತಂಡವನ್ನು ಹಳ್ಳಿ ಕಟ್ಟಲಿಲ್ಲ. ಜಾತಿಯೆಂದರೆ ದುಡಿಮೆಯ ವಿಭಜನೆಯಷ್ಟೇ ಅಲ್ಲ, ದುಡಿಯುವವರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲಿ ಹೇಳಿದ್ದು ಇದನ್ನೇ.

ಆದರೂ ನೀರಿನ ಹಂಚಿಕೆಗೆ ಹಳೆಯ ಮೈಸೂರು ಒಂದು ದಾರಿ ಕಂಡುಕೊಂಡಿತ್ತು. ಬಿ. ಎಲ್. ರೈಸರ ಗೆಜೆಟಿಯರ್ ಕೊಡುವ ಹನ್ನೆರಡು ಆಯಗಾರರ ಪಟ್ಟಿಯಲ್ಲಿ ನೀರುಗಂಟಿಯೂ ಇದ್ದಾನೆ. ತೂಬು ಎತ್ತುವುದು, ಮಡೆ ತಿರುಗಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ನಿಲ್ಲಿಸುವುದು ಅವನ ಕೆಲಸ. ಬರಗಾಲದಲ್ಲಿ ಗೌಡನ ಗದ್ದೆಗೂ ಸರದಿ ತಪ್ಪದಂತೆ ನೋಡಬೇಕಾದವನೂ ಅವನೇ. ನೀರು ಹರಿದ ಗದ್ದೆಗಳೆಲ್ಲದರಿಂದ ಅವನಿಗೆ ಕಾಳು ಬರುತ್ತಿತ್ತು. ಕೊನೆಯ ಗದ್ದೆ ಒಣಗಿದರೆ ಅವನ ಪಾಲೂ ಒಣಗಿತು. ಇಷ್ಟೇ ಸಾಕಾಗುತ್ತಿತ್ತೇ? ಒಟ್ಟು ಕೆಲಸಕ್ಕೆ ಕೂಲಿ ಪಡೆಯುತ್ತಿದ್ದ ಕೀನ್ಯಾದ ಹಂಚಿಕೆದಾರರೂ ಪಕ್ಷಪಾತ ಬಿಡಲಿಲ್ಲವಲ್ಲ. ನೀರುಗಂಟಿಗೆ ಇದ್ದ ವ್ಯತ್ಯಾಸ ಒಂದೇ: ಹಲವೆಡೆ ಅವನು ದಲಿತ, ಭೂಮಿಯಿಲ್ಲದವನು. ಒಲವು ತೋರಲು ಅಚ್ಚುಕಟ್ಟಿನಲ್ಲಿ ಅವನದೂ ಅವನ ನೆಂಟರದೂ ಆದ ಗದ್ದೆ ಇರಲಿಲ್ಲ. ಊರು ಅವನ ನಿಷ್ಪಕ್ಷಪಾತವನ್ನು ನೆಚ್ಚಿದ್ದು ಅವನಿಗೆ ಭೂಮಿ ಸಿಗದಂತೆ ನೋಡಿಕೊಂಡ ಬಲದ ಮೇಲೆಯೇ. ನ್ಯಾಯದ ಹಂಚಿಕೆ ಅನ್ಯಾಯದ ತಳಹದಿಯ ಮೇಲೆ ನಿಂತಿತ್ತೆಂಬುದನ್ನು ದೇಸಿ ವ್ಯವಸ್ಥೆಯ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

2000ದಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ನೆಲೆ ಸಿಕ್ಕಿತು. ಅಚ್ಚುಕಟ್ಟಿನಲ್ಲಿ ಜಮೀನುಳ್ಳವರು ಸದಸ್ಯರು. ಕಾಗದದ ಮೇಲೆ ಎಲ್ಲ ಜಾತಿಯ ಹಿಡುವಳಿದಾರರಿಗೂ ಒಂದೊಂದೇ ಮತ. ಮುಯ್ಯಿಯ ಸಮಾನತೆ ಆಯದ ವೈವಿಧ್ಯಕ್ಕೆ ಮೊದಲ ಬಾರಿ ಕೂಡಿಬಂದದ್ದು ಇಲ್ಲಿ. ಆದರೆ ಮೇಲಿನ ಗದ್ದೆಯವನೂ ಕೊನೆಯ ಗದ್ದೆಯವನೂ ಕೂತ ಸಭೆಯಲ್ಲಿ ಮಡೆ ತಿರುಗಿಸುವವನಿಗೆ ಸದಸ್ಯತ್ವವಿಲ್ಲ, ಬೆಳೆಯಲ್ಲಿ ಪಾಲೂ ಇಲ್ಲ.