ಬಟ್ಟೆ ಒಣಗಿಸುವ ವಿದ್ಯುತ್ ಯಂತ್ರವು ಬಿಸಿಯಾಗದಿದ್ದಲ್ಲಿ ಗ್ರಾಹಕರು ಅನುಸರಿಸಬೇಕಾದ ಕ್ರಮಗಳು

ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿ ಪ್ರದೇಶಗಳಲ್ಲಿ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿಯು (ಜೆಸ್ಕಾಂ) ವಿದ್ಯುತ್ ಪೂರೈಸುತ್ತದೆ. ಬಟ್ಟೆ ಒಣಗಿಸುವ ಯಂತ್ರವು ತಿರುಗಿಯೂ ಬಿಸಿಯಾಗದಿದ್ದಲ್ಲಿ, ದೋಷವು ಯಂತ್ರದಲ್ಲಿದೆಯೇ, ಕಟ್ಟಡದ ವೈರಿಂಗ್‌ನಲ್ಲಿದೆಯೇ ಅಥವಾ ಪೂರೈಕೆಯಲ್ಲಿದೆಯೇ ಎಂಬುದನ್ನು ಮೊದಲು ಅರಿಯತಕ್ಕದ್ದು. ಇದರಿಂದ ಅನಗತ್ಯ ವೆಚ್ಚವೂ ಅಪಾಯವೂ ತಪ್ಪುತ್ತವೆ.

1. ಯಂತ್ರದ ಬಗೆ

ಅರೆ ಸ್ವಯಂಚಾಲಿತ ವಾಷಿಂಗ್ ಮಷಿನ್‌ನಲ್ಲಿ ‘ಡ್ರೈಯರ್’ ಎಂದು ಕರೆಯಲಾಗುವ ತೊಟ್ಟಿಯು ಬಟ್ಟೆಯನ್ನು ವೇಗವಾಗಿ ತಿರುಗಿಸಿ ನೀರನ್ನು ಹೊರಹಾಕುತ್ತದೆಯೇ ಹೊರತು ಬಿಸಿ ಮಾಡುವುದಿಲ್ಲ. ಇದು ದೋಷವಲ್ಲ. ತಾಪನ ಸುರುಳಿ ಇರುವ ಯಂತ್ರಗಳಿಗೆ ಮಾತ್ರ ಮುಂದಿನ ಅಂಶಗಳು ಅನ್ವಯಿಸುತ್ತವೆ.

2. ಗ್ರಾಹಕರೇ ಪರಿಶೀಲಿಸಬಹುದಾದ ಅಂಶಗಳು

ಅ) ಬಿಸಿಯಿಲ್ಲದೆ ಗಾಳಿ ಮಾತ್ರ ಬೀಸುವ ಆಯ್ಕೆಯನ್ನು ಒತ್ತಲಾಗಿದೆಯೇ ಎಂದು ನೋಡುವುದು.
ಆ) ಸ್ವಿಚ್ ಆರಿಸಿ, ಪ್ಲಗ್ ತೆಗೆದ ನಂತರ ಜಾಲರಿಯಲ್ಲಿ ಸೇರಿದ ನೂಲಿನ ಧೂಳನ್ನು ತೆಗೆಯುವುದು. ಗಾಳಿಯ ದಾರಿ ಕಟ್ಟಿದಲ್ಲಿ ಯಂತ್ರವು ಅತಿಯಾಗಿ ಕಾದು, ಅದರೊಳಗಿನ ಉಷ್ಣ ಫ್ಯೂಸ್ ತಾಪನವನ್ನು ಕಡಿತಗೊಳಿಸುತ್ತದೆ.
ಇ) ಪ್ಲಗ್ ಅಥವಾ ಸಾಕೆಟ್ ಕರಗಿದ್ದಲ್ಲಿ, ಸುಟ್ಟ ವಾಸನೆ ಬಂದಲ್ಲಿ ಬಳಕೆಯನ್ನು ಕೂಡಲೇ ನಿಲ್ಲಿಸುವುದು.

3. ವೋಲ್ಟೇಜ್ ಕೊರತೆ

ತಾಪನ ಸುರುಳಿ ನೀಡುವ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟ್‌ನಲ್ಲಿ 2,000 ವ್ಯಾಟ್ ನೀಡುವ ಸುರುಳಿಯು 180 ವೋಲ್ಟ್‌ನಲ್ಲಿ ಸುಮಾರು 1,225 ವ್ಯಾಟ್ ಮಾತ್ರ ನೀಡುತ್ತದೆ. ಆಗ ಯಂತ್ರವು ತಿರುಗುತ್ತಿದ್ದರೂ ಬಟ್ಟೆ ಒಣಗುವುದು ತಡವಾಗುತ್ತದೆ. ಅದೇ ವೇಳೆ ದೀಪಗಳು ಮಂದವಾಗಿದ್ದು, ನೆರೆಮನೆಗಳಲ್ಲಿಯೂ ಇದೇ ಸ್ಥಿತಿ ಇದ್ದಲ್ಲಿ ದೋಷವು ಪೂರೈಕೆಯಲ್ಲಿರುವ ಸಂಭವ ಹೆಚ್ಚು. ಆಸ್ಪತ್ರೆ, ವಸತಿಗೃಹ ಮುಂತಾದೆಡೆ ಇರುವ ಮೂರು ಫೇಸಿನ ಯಂತ್ರಗಳಲ್ಲಿ ಒಂದು ಫೇಸ್ ಇಲ್ಲದಿದ್ದರೂ ಶಾಖ ಕುಗ್ಗಬಹುದು.

4. ದೂರು ಸಲ್ಲಿಸುವ ವಿಧಾನ

ಪೂರೈಕೆಯ ದೋಷವಿದ್ದಲ್ಲಿ 1912 ಸಂಖ್ಯೆಗೆ ಕರೆ ಮಾಡಿ, ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯನ್ನು ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ವೋಲ್ಟೇಜ್ ಕುಸಿಯುವ ದಿನ ಮತ್ತು ವೇಳೆಯನ್ನು ನಮೂದಿಸಿ ಸಂಬಂಧಿಸಿದ ಕಚೇರಿಗೆ ಲಿಖಿತವಾಗಿಯೂ ದೂರು ನೀಡಬಹುದು. ಪರಿಹಾರ ದೊರೆಯದಿದ್ದಲ್ಲಿ, ವಿದ್ಯುಚ್ಛಕ್ತಿ ಕಾಯ್ದೆ 2003ರ ಮೇರೆಗೆ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ತದನಂತರ ವಿದ್ಯುತ್ ಒಂಬುಡ್ಸ್‌ಮನ್‌ರಿಗೂ ಮನವಿ ಸಲ್ಲಿಸಲು ಅವಕಾಶವಿದೆ.

ಮೀಟರಿನ ನಂತರದ ವೈರಿಂಗ್ ಗ್ರಾಹಕರ ಹೊಣೆಯಾಗಿದ್ದು, ಅದನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಸರಿಪಡಿಸಿಕೊಳ್ಳತಕ್ಕದ್ದು. ಹೊಸ ಯಂತ್ರದಿಂದ ಒಟ್ಟು ಬಳಕೆಯು ಮಂಜೂರಾದ ವಿದ್ಯುತ್ ಭಾರವನ್ನು ಮೀರುವುದಾದಲ್ಲಿ ಹೆಚ್ಚುವರಿ ಭಾರಕ್ಕೆ ಅರ್ಜಿ ಸಲ್ಲಿಸಬೇಕು.

5. ಎಚ್ಚರಿಕೆ

ಉಷ್ಣ ಫ್ಯೂಸ್ ಒಮ್ಮೆ ಕಡಿದುಹೋದರೆ ಮರುಬಳಕೆಗೆ ಬಾರದು. ಅದರ ಬದಲಿಗೆ ತಂತಿಯನ್ನು ಜೋಡಿಸಿದಲ್ಲಿ ಯಂತ್ರವು ಬಿಸಿಯಾಗುವುದು ನಿಜ. ಆದರೆ ಅತಿಯಾಗಿ ಕಾದಾಗ ತಡೆಯುವ ಸಾಧನವೇ ಇಲ್ಲದಂತಾಗಿ, ಒಳಗಿರುವ ಬಟ್ಟೆ ಮತ್ತು ಧೂಳಿಗೆ ಬೆಂಕಿ ತಗಲುವ ಅಪಾಯವಿದೆ. ಆದುದರಿಂದ ಫ್ಯೂಸ್, ಥರ್ಮೋಸ್ಟಾಟ್ ಮತ್ತು ಸುರುಳಿಯ ದುರಸ್ತಿಯನ್ನು ಅರ್ಹ ತಂತ್ರಜ್ಞರಿಂದಲೇ ಮಾಡಿಸಲು ಹಾಗೂ ಫ್ಯೂಸ್ ಕಡಿದುಹೋದ ಕಾರಣವನ್ನೂ ಪತ್ತೆ ಮಾಡಿಸಲು ಗ್ರಾಹಕರಲ್ಲಿ ಕೋರಲಾಗಿದೆ.