ಕೊಡಗಿನಲ್ಲಿ ಮಳೆಯ ಮುನ್ಸೂಚನೆ: ಚರಿತ್ರೆ

ಸಹ್ಯಾದ್ರಿಯ ನೆತ್ತಿಯ ಮೇಲೆ ನೆಲಸಿದ್ದು, ಕಡಲ ತೀರವನ್ನು ತಾನು ಮುಟ್ಟದಿದ್ದರೂ ಅರಬ್ಬೀ ಸಮುದ್ರದ ಮಳೆಮಾರುತಗಳಿಗೆ ನೇರವಾಗಿ ಮೈಯೊಡ್ಡುವ ಕೊಡಗಿನಲ್ಲಿ, ಬೇಸಗೆಯ ಕೊನೆಯಿಂದ ಆಗಸ್ಟ್ ತಿಂಗಳು ಕಳೆಯುವವರೆಗಿನ ಮಳೆಗಾಳಿಗಳ ಗತಿಯನ್ನು ಮುಂದಾಗಿ ಅರಿಯುವುದಕ್ಕೆ ಜನರೂ ಸರ್ಕಾರವೂ ಕಾಲಕಾಲಕ್ಕೆ ಅನುಸರಿಸಿಕೊಂಡು ಬಂದ ಕ್ರಮಗಳ ವೃತ್ತಾಂತವಿದು. ಗದ್ದೆಯ ನಾಟಿ, ಕಾಫಿಯ ಹೂವು, ಏಲಕ್ಕಿ ಕರಿಮೆಣಸುಗಳ ಫಲ, ಹೊಳೆಯ ದಾಟು, ಇತ್ತೀಚಿನ ವರ್ಷಗಳಲ್ಲಿ ಮನೆಮಠಗಳ ಉಳಿವು ಸಹ ಮಳೆಯನ್ನೇ ಆಶ್ರಯಿಸಿರುವ ಈ ನಾಡಿನಲ್ಲಿ ಮುನ್ಸೂಚನೆಯೆಂಬುದು ಎಂದೂ ಬರಿಯ ಕುತೂಹಲದ ವಿಷಯವಾಗಿರಲಿಲ್ಲ.

ಕಡಲಿನ ತೇವವನ್ನು ಹೊತ್ತು ಬರುವ ನೈಋತ್ಯ ಮಾರುತವು ಪಡುವಣ ಇಳಿಜಾರನ್ನು ಏರುತ್ತ ಏರುತ್ತ ತಣಿದು, ಬ್ರಹ್ಮಗಿರಿ, ತಡಿಯಂಡಮೋಳ್, ಪುಷ್ಪಗಿರಿಗಳ ಸಾಲಿನಲ್ಲಿ ತನ್ನ ಭಾರವನ್ನು ಇಳಿಸಿ, ಆ ಸಾಲನ್ನು ದಾಟಿದ ಬಳಿಕ ಬಹುಬೇಗ ಬಡವಾಗುತ್ತದೆ. ಭಾಗಮಂಡಲದ ಸುತ್ತಮುತ್ತ ವರ್ಷಕ್ಕೆ 5,000 ಮಿಲಿಮೀಟರನ್ನು ಮೀರಿ ಸುರಿಯುವ ಮಳೆ, ಮಡಿಕೇರಿಯಲ್ಲಿ 3,000ದ ಆಚೀಚೆಗೆ ಇಳಿದು, ಮೂಡಣದ ಕುಶಾಲನಗರವನ್ನು ಮುಟ್ಟುವಷ್ಟರಲ್ಲಿ ಸುಮಾರು 1,000ಕ್ಕೆ ಬಂದು ನಿಲ್ಲುತ್ತದೆ. ಒಂದೇ ಮುಂಜಾನೆ ಭಾಗಮಂಡಲದ ಸಂಗಮದಲ್ಲಿ ನೀರು ಉಕ್ಕಿ ದಾರಿ ಮುಳುಗಿರುವಾಗ ಕುಶಾಲನಗರದ ಅಂಗಳದಲ್ಲಿ ಬಟ್ಟೆ ಒಣಗುತ್ತಿರುವುದು ಇಲ್ಲಿ ಯಾರಿಗೂ ಅಚ್ಚರಿಯಲ್ಲ. ಆದುದರಿಂದ ಇಡೀ ಜಿಲ್ಲೆಗೆ ಅನ್ವಯಿಸುವಂತೆ ನುಡಿದ ಮುನ್ಸೂಚನೆಯು ಅರ್ಧ ಜಿಲ್ಲೆಯ ಪಾಲಿಗೆ ಯಾವಾಗಲೂ ಸುಳ್ಳಾಗುವ ಸಂಭವವುಳ್ಳದ್ದು.

ಹಿಂದಿನವರ ಗಣನೆಗೆ ಆಧಾರ ಪಂಚಾಂಗ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯನ್ನು ಆ ನಕ್ಷತ್ರದ ಮಳೆಯೆಂದು ಕರೆದು, ಭರಣಿ, ಕೃತ್ತಿಕೆ, ರೋಹಿಣಿಗಳಲ್ಲಿ ಉಳುಮೆಯನ್ನೂ, ಆರಿದ್ರೆ ಪುನರ್ವಸುಗಳಲ್ಲಿ ನಾಟಿಯ ಸಿದ್ಧತೆಯನ್ನೂ ಯೋಜಿಸಿಕೊಳ್ಳುವ ಕನ್ನಡ ನಾಡಿನ ಸಾಮಾನ್ಯ ಪದ್ಧತಿಯೇ ಕೊಡಗಿನಲ್ಲಿಯೂ ನಡೆದು ಬಂದಿದೆ. ಇದರ ಜೊತೆಗೆ ಕೊಡವರ ಸೌರಮಾಸಗಳ ಗಣನೆಯೂ ಇದೆ. ಏಪ್ರಿಲ್ ಮಧ್ಯದಲ್ಲಿ ಎಡಮ್ಯಾರ್ ತಿಂಗಳ ಮೊದಲ ದಿನ, ಬಿಸು ಚಂಗ್ರಾಂದಿಯಂದು, ಗದ್ದೆಯಲ್ಲಿ ಶಾಸ್ತ್ರಕ್ಕೆ ನೇಗಿಲಿಟ್ಟು ವರ್ಷವನ್ನು ಆರಂಭಿಸುವ ಈ ಗಣನೆಯಲ್ಲಿ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳು ಮಳೆಯ ಉತ್ಕಟ ಕಾಲವೆಂದು ಪ್ರಸಿದ್ಧವಾಗಿದೆ. ಆ ತಿಂಗಳ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ 3ರಂದು, ಮದ್ದುತೊಪ್ಪು ಎಂಬ ಕಾಡುಗಿಡದ ಎಲೆಕಾಂಡಗಳನ್ನು ಕುದಿಸಿ ತೆಗೆದ ಕಡುನೇರಳೆಯ ರಸದಲ್ಲಿ ಪಾಯಸ ಮಾಡಿ ಉಣ್ಣುವ ಆಚಾರವು, ಥಂಡಿಯಿಂದ ನಡುಗುವ ದೇಹಕ್ಕೆ ಕಾವು ಕೊಡುವ ಉಪಾಯವಾಗಿ ಇಂದಿಗೂ ಮನೆಮನೆಗಳಲ್ಲಿ ಉಳಿದಿದೆ. ಮಳೆಬೆಳೆಗಳ ದೇವರೆಂದು ಆರಾಧಿತನಾದ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನಿಗೆ ಬೇಸಗೆಯಲ್ಲಿ ಸಲ್ಲುವ ಪ್ರಾರ್ಥನೆಯನ್ನೂ ಈ ಚರಿತ್ರೆಯಿಂದ ಹೊರಗಿಡುವುದು ಯುಕ್ತವಲ್ಲ. ಬರುವ ಮಳೆಯ ಕುರಿತು ಒಂದು ಸಮಾಜದ ಆತಂಕವೂ ನಿರೀಕ್ಷೆಯೂ ಅಲ್ಲಿ ಒಟ್ಟಾಗಿ ವ್ಯಕ್ತವಾಗುತ್ತವೆ. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆಯೇರುವುದು, ಸಂಜೆಯ ದೀಪಕ್ಕೆ ಈಸುಳ್ಳೆ ಮುತ್ತುವುದು ಮೊದಲಾದ ಕುರುಹುಗಳು ಒಂದೆರಡು ದಿನದ ಮಾತಿಗೆ ಸಲ್ಲುತ್ತಿದ್ದುವು.

ಮಳೆಯನ್ನು ಅಂಕಿಗಳಲ್ಲಿ ಹಿಡಿದಿಡುವ ಅಭ್ಯಾಸವನ್ನು ನಾಡಿನಲ್ಲಿ ಬೇರೂರಿಸಿದುದು ಕಾಫಿ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ, 1854ರಲ್ಲಿ ಫೌಲರ್ ಎಂಬ ಐರೋಪ್ಯನು ಮಡಿಕೇರಿಯಲ್ಲಿ ಕಾಫಿ ತೋಟವನ್ನು ತೆರೆದನು. ಅವನ ಹಿಂದೆ ಇತರರು ಬಂದರು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಸುಮಾರು ಒಂದು ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಗಿಡ ಬೆಳ್ಳಗೆ ಅರಳುತ್ತದೆ. ಅದಾದ ಎರಡು ಮೂರು ವಾರಗಳಲ್ಲಿ ಮತ್ತೊಂದು ಮಳೆ ಬಾರದೆ ಹೋದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಹೀಗೆ ವರ್ಷದ ಆದಾಯವೆಲ್ಲ ಎರಡು ಮಳೆಗಳ ನಡುವಣ ದಿನಗಳ ಎಣಿಕೆಯನ್ನು ಅವಲಂಬಿಸಿದ್ದುದರಿಂದ, ಮಳೆಮಾಪಕವು ತೋಟದ ಬಂಗಲೆಯ ಅಂಗಳದಲ್ಲಿ ತುಳಸಿಕಟ್ಟೆಯಷ್ಟೇ ಸ್ಥಿರವಾದ ಸ್ಥಾನವನ್ನು ಪಡೆಯಿತು. ಮುಂಜಾನೆ ಕೂಲಿಯಾಳುಗಳ ಹಾಜರಿ ತೆಗೆದುಕೊಳ್ಳುವ ಹೊತ್ತಿಗೆ ತೋಟದ ರೈಟರು ಆಲಿಕೆಯನ್ನು ಎತ್ತಿ, ಒಳಗಿನ ಶೀಶೆಯ ನೀರನ್ನು ಗೆರೆ ಕೊರೆದ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒದ್ದೆ ಕೈಯನ್ನು ಕಂಬಳಿಗೆ ಒರಸಿಕೊಂಡು ಪುಸ್ತಕದಲ್ಲಿ ಇಂಚು ಸೆಂಟುಗಳ ಲೆಕ್ಕದಲ್ಲಿ ಬರೆಯುತ್ತಾರೆ. ಮಿಲಿಮೀಟರ್ ಸರ್ಕಾರಿ ಭಾಷೆಯಾಗಿ ದಶಕಗಳೇ ಕಳೆದಿದ್ದರೂ ಬೆಳೆಗಾರರ ಬಾಯಲ್ಲಿ ಮಳೆ ಈಗಲೂ ಇಂಚು ಸೆಂಟುಗಳಲ್ಲಿಯೇ ಬೀಳುತ್ತದೆ. ಆ ಪುಸ್ತಕದಲ್ಲಿ ದಿನದ ಅಂಕಿಯ ಪಕ್ಕದಲ್ಲಿ ಅಂದಿನವರೆಗಿನ ಒಟ್ಟು ಮೊತ್ತಕ್ಕೂ ಒಂದು ಅಂಕಣವಿರುತ್ತದೆ. ಇದರ ಮಹತ್ವ ಮುಂದೆ ಕಂಡುಬರುವುದು.

ಸರ್ಕಾರದ ಕಡೆಯಿಂದ, ರೆವರೆಂಡ್ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯೂ, ಬಿ. ಎಲ್. ರೈಸ್ 1878ರಲ್ಲಿ ಸಿದ್ಧಪಡಿಸಿದ ಗ್ಯಾಸೆಟಿಯರೂ ಈ ಸೀಮೆಯ ಹವೆಯನ್ನು ವರ್ಣಿಸಿದುವು. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್, ಹಿಮಾಲಯದ ಹಿಮರಾಶಿಯನ್ನು ಆಧಾರವಾಗಿಟ್ಟುಕೊಂಡು 1886ರಲ್ಲಿ ಮುಂಗಾರಿನ ದೀರ್ಘಾವಧಿ ಮುನ್ಸೂಚನೆಯನ್ನು ಹೊರಡಿಸಿದನು. 1904ರಿಂದ ಆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್ ದೂರದ ಮಹಾಸಾಗರಗಳ ವಾಯುಭಾರಕ್ಕೂ ನಮ್ಮ ಮಳೆಗೂ ಇರುವ ಸಂಬಂಧವನ್ನು ಗಣಿತದಿಂದ ತೋರಿದನು. ಕ್ಷಾಮದ ಭಯದಿಂದ ಹುಟ್ಟಿದ ಈ ವಿದ್ಯೆಯು ಮಳೆಯ ಕೊರತೆಯನ್ನು ಕುರಿತು ಎಷ್ಟು ಚಿಂತಿಸಿತೋ ಅತಿವೃಷ್ಟಿಯನ್ನು ಕುರಿತು ಅಷ್ಟು ಚಿಂತಿಸಲಿಲ್ಲ. 1924ರ ಜುಲೈಯಲ್ಲಿ ಕಾವೇರಿಯು ಹುಟ್ಟೂರಿನಿಂದ ತಮಿಳು ಸೀಮೆಯವರೆಗೂ ಉಕ್ಕಿ ಹರಿದ ಮಹಾಪೂರವನ್ನು ಎದುರಿಸಿದ ತಲೆಮಾರಿಗೆ ಇಂದಿನಂತೆ ಮುಂದಾಗಿ ಎಚ್ಚರಿಸುವ ಸಾಧನ ಇರಲಿಲ್ಲ.

2018ರ ಆಗಸ್ಟ್ ಮಧ್ಯದಲ್ಲಿ, ಆಶ್ಲೇಷ ಮಳೆ ಮುಗಿದು ಮಘೆ ಹುಟ್ಟುವ ಸಂಧಿಯಲ್ಲಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಮೊದಲಾದ ಕಡೆಗಳಲ್ಲಿ ಬೆಟ್ಟಗಳು ತೋಟಗಳ ಸಮೇತ ಕುಸಿದು, ಮನೆಗಳು ಮಣ್ಣಿನಡಿ ಅಡಗಿ, ಸಹಸ್ರಾರು ಜನರು ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು. ಮರುವರ್ಷದ ಆಗಸ್ಟ್ 9ರಂದು ವಿರಾಜಪೇಟೆ ತಾಲ್ಲೂಕಿನ ತೋರ ಹಾಗೂ ಭಾಗಮಂಡಲದ ಬಳಿಯ ಕೋರಂಗಾಲದಲ್ಲಿಯೂ, 2020ರ ಆಗಸ್ಟ್ 6ರ ನಸುಕಿನಲ್ಲಿ, ಕಕ್ಕಡ ಹದಿನೆಂಟು ಕಳೆದು ಮೂರನೆಯ ದಿನ, ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿಯೂ ಜೀವಹಾನಿ ಸಂಭವಿಸಿತು. ಕುಂಭದ್ರೋಣ ಮಳೆ ಕೊಡಗಿಗೆ ಹೊಸದಲ್ಲ. ಆದರೆ ಮನೆ, ರಸ್ತೆ, ವಸತಿಗೃಹಗಳಿಗಾಗಿ ಇಳಿಜಾರುಗಳನ್ನು ಕಡಿದು ಸಮತಟ್ಟು ಮಾಡಿದುದರಿಂದ ನೆಲದ ಹಿಡಿತ ಸಡಿಲವಾಯಿತೆಂದು ಭೂವಿಜ್ಞಾನಿಗಳು ಕಂಡುಕೊಂಡರು. ಹಿಂದೆ ಅಂಗಳದ ಬದಿಯ ಮಣ್ಣು ಜರಿಯುವುದಕ್ಕೆ ಬಳಸುತ್ತಿದ್ದ ‘ಬರೆ ಕುಸಿತ’ ಎಂಬ ಮನೆಮಾತು ಅಲ್ಲಿಂದೀಚೆಗೆ ಭೀತಿಯ ಮಾತಾಯಿತು.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳು ಜನರ ದೈನಂದಿನ ಭಾಷೆಯಾದುದು ಈ ಅನಾಹುತಗಳ ತರುವಾಯ. ಇಪ್ಪತ್ತನಾಲ್ಕು ಗಂಟೆಗಳಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕೂ ಮೀರಿದ ಮಳೆ, ತೋಟದ ಲೆಕ್ಕದಲ್ಲಿ ಎಂಟು ಇಂಚು, ಅತ್ಯಂತ ಭಾರಿ ಮಳೆಯೆನಿಸಿಕೊಳ್ಳುತ್ತದೆ. ಅದರ ಸಂಭವವಿದ್ದಾಗ ರೆಡ್ ಅಲರ್ಟ್ ಸಾರಲ್ಪಟ್ಟು ಶಾಲೆಗಳಿಗೆ ರಜೆಯಾಗುತ್ತದೆ. 1988ರಲ್ಲಿ ಬರಗಾಲದ ನಿಗಾಕ್ಕೆಂದು ಆರಂಭವಾಗಿ, ಮುಂದೆ ಎಲ್ಲ ನೈಸರ್ಗಿಕ ವಿಕೋಪಗಳಿಗೂ ಕಾರ್ಯವನ್ನು ವಿಸ್ತರಿಸಿಕೊಂಡ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿರುವುದು, ಬೆಟ್ಟದಿಂದ ಬೆಟ್ಟಕ್ಕೆ ಮಳೆ ಬದಲಾಗುವ ಈ ಜಿಲ್ಲೆಗೆ ದೊಡ್ಡ ಉಪಕಾರ. ಆದರೆ ಬಣ್ಣದ ಎಚ್ಚರಿಕೆಯು ನಾಳಿನ ಮಳೆಯನ್ನು ಹೇಳುತ್ತದೆ. ಬೆಟ್ಟವಾದರೋ ಜೂನ್ ಮೊದಲುಗೊಂಡು ಕುಡಿದ ನೀರನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನಿಂತಿರುತ್ತದೆ. ತಿಂಗಳುಗಟ್ಟಲೆ ನೆನೆದ ಇಳಿಜಾರಿಗೆ ಆಗಸ್ಟಿನಲ್ಲಿ ಬೀಳುವ ನಾಲ್ಕು ಇಂಚು, ಜೂನ್ ಆರಂಭದ ಎಂಟು ಇಂಚಿಗಿಂತ ಅಪಾಯಕರವಾಗಬಹುದು. ಮಳೆಪುಸ್ತಕದ ಒಟ್ಟು ಮೊತ್ತದ ಅಂಕಣಕ್ಕೆ ಇಂದು ಹೊಸ ಬೆಲೆ ಬಂದಿರುವುದು ಈ ಕಾರಣದಿಂದ. ಜಿಲ್ಲಾಡಳಿತದ ನಿತ್ಯದ ಮಳೆ ವರದಿಯಲ್ಲಿ ದಿನದ ಅಂಕಿಯ ಕೆಳಗೆ ಜನವರಿಯಿಂದ ಅಂದಿನವರೆಗಿನ ಮೊತ್ತವನ್ನೂ, ಹಿಂದಿನ ವರ್ಷದ ಇದೇ ಅವಧಿಯ ಮೊತ್ತವನ್ನೂ ಕೊಡುತ್ತಾರೆ. ಮಳೆಗಾಲದ ಮುಂಜಾನೆಗಳಲ್ಲಿ, ಇಳಿಜಾರಿನ ಕೆಳಗೆ ವಾಸಿಸುವವರು ಮೊದಲು ಓದುವುದು ಆ ಎರಡು ಸಾಲುಗಳನ್ನು.