ಹೆಳವನಕಟ್ಟೆ ಗಿರಿಯಮ್ಮ: ಹೆಂಗಳೆಯರ ಕಂಠದಲ್ಲಿ ಉಳಿದ ಕಾವ್ಯ

ದಾಸಸಾಹಿತ್ಯ ಎಂದೊಡನೆ ನಮಗೆ ನೆನಪಾಗುವವರು ಪುರಂದರದಾಸರು, ಕನಕದಾಸರು. ಆದರೆ ಹಸೆ, ಆರತಿಯ ಹೊತ್ತಿನಲ್ಲಿ ಅಜ್ಜಿಯರು ಹೇಳುತ್ತಿದ್ದ ಹಾಡುಗಳಲ್ಲಿ ಇನ್ನೊಂದು ಅಂಕಿತವೂ ಕೇಳಿಬರುತ್ತಿತ್ತು: ‘ಹೆಳವನಕಟ್ಟೆ ರಂಗ’. ಅದು 18ನೇ ಶತಮಾನದ ಹರಿದಾಸಿ ಗಿರಿಯಮ್ಮನವರ ಅಂಕಿತ.

ಇವರ ತವರು ಇಂದಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು. ಸೇರಿದ ಮನೆ ಈಗ ದಾವಣಗೆರೆ ಜಿಲ್ಲೆಯಲ್ಲಿರುವ ಮಲೇಬೆನ್ನೂರು. ಮನಸ್ಸೆಲ್ಲ ದೇವರಲ್ಲಿ ನೆಟ್ಟಿದ್ದರಿಂದ ಸಂಸಾರವನ್ನು ಒಲ್ಲದೆ, ಪತಿ ತಿಪ್ಪರಸರಿಗೆ ಇನ್ನೊಂದು ಮದುವೆ ಮಾಡಿಸಿ ಭಕ್ತಿಮಾರ್ಗ ಹಿಡಿದರೆಂದೂ, ಗೋಪಾಲದಾಸರ ಅನುಗ್ರಹ ಪಡೆದರೆಂದೂ ಪರಂಪರೆ ಹೇಳುತ್ತದೆ. ಎಷ್ಟೋ ಹರಿದಾಸರ ಅಂಕಿತ ‘ವಿಠಲ’ ಎಂದು ಮುಗಿಯುತ್ತದೆ. ಗಿರಿಯಮ್ಮನವರದು ಮಲೇಬೆನ್ನೂರಿನ ಸಮೀಪದ ಹೆಳವನಕಟ್ಟೆಯ ರಂಗನಾಥನ ಹೆಸರು. ಸಣ್ಣದೊಂದು ಊರು ಹೀಗೆ ಸಾಹಿತ್ಯ ಚರಿತ್ರೆಯನ್ನು ಸೇರಿತು.

ಸಂಸಾರದಿಂದ ದೂರ ಉಳಿದ ಈ ತಾಯಿ ಬರೆದದ್ದು ಮಾತ್ರ ಸಂಸಾರಸ್ಥ ಹೆಂಗಸರ ಬಾಯಿಗೆ ಒಗ್ಗುವ ಹಾಡುಗಳನ್ನು. ಬಿಡಿ ಕೀರ್ತನೆಗಳಲ್ಲದೆ ‘ಸೀತಾ ಕಲ್ಯಾಣ’, ‘ಉದ್ದಾಲಿಕನ ಕಥೆ’, ‘ಚಂದ್ರಹಾಸನ ಕಥೆ’ ಎಂಬ ಕಥನ ಹಾಡುಗಳನ್ನೂ ರಚಿಸಿದರು. ಚಂದ್ರಹಾಸನ ಕಥೆ ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲೂ ಇದೆ. ಅನಾಥ ಬಾಲಕ ಚಂದ್ರಹಾಸನಿಗೆ ವಿಷ ಕೊಡುವಂತೆ ಮಂತ್ರಿ ದುಷ್ಟಬುದ್ಧಿ ಮಗನಿಗೆ ಓಲೆ ಬರೆಯುತ್ತಾನೆ. ಮಂತ್ರಿಯ ಮಗಳು ವಿಷಯೆ ಆ ‘ವಿಷ’ವನ್ನು ‘ವಿಷಯೆ’ ಎಂದು ತಿದ್ದುತ್ತಾಳೆ, ಸಾಯಬೇಕಿದ್ದವನು ಮದುಮಗನಾಗುತ್ತಾನೆ. ಲಕ್ಷ್ಮೀಶನ ಷಟ್ಪದಿಗೆ ಅರ್ಥ ಬಿಡಿಸಿ ಹೇಳುವವರು ಬೇಕು. ಗಿರಿಯಮ್ಮನವರ ತಿಳಿಗನ್ನಡದ ಹಾಡನ್ನಾದರೋ ಅಕ್ಷರ ಬಾರದ ಹೆಂಗಸೂ ಕೇಳಿ ಕಲಿಯಬಹುದಿತ್ತು. ಶಾಲೆಯ ಬಾಗಿಲು ಕಾಣದ ಹೆಣ್ಣುಮಕ್ಕಳಿಗೆ ಇಂಥ ಹಾಡುಗಳೇ ಪುರಾಣ, ಇವೇ ಸಾಹಿತ್ಯ.

ಹಾಡು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂತು. ಮುಂದೆ ಕೈಬರಹದ ಪುಸ್ತಕಗಳಿಗೆ ಇಳಿಯಿತು, ಅಚ್ಚೂ ಆಯಿತು. 19ನೇ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವನವರು ಇದೇ ಹಾದಿಯಲ್ಲಿ ನಡೆದರು.

ನಮ್ಮ ನ್ಯೂಕ್ಯಾಸಲ್‌ನ ಮನೆಗಳಲ್ಲೂ ಗೌರಿ ಹಬ್ಬಕ್ಕೆ ಆರತಿ ಬೆಳಗುತ್ತೇವೆ. ಹಾಡನ್ನು ಬಹುಮಟ್ಟಿಗೆ ಫೋನು ಹಾಡುತ್ತದೆ. ಗಿರಿಯಮ್ಮನವರ ಪುಸ್ತಕವನ್ನು ಊರಿನಿಂದ ತರಿಸಿಕೊಳ್ಳಬಹುದು. ಆದರೆ ಒಂದೊಂದು ಮನೆತನ ಉಳಿಸಿಕೊಂಡು ಬಂದ ಧಾಟಿ ಪುಸ್ತಕದಲ್ಲಿ ಸಿಗುವುದಿಲ್ಲ; ಅದು ಹಿರಿಯರ ಕಂಠದಲ್ಲಿದೆ. ಈ ಸಲ ಅಮ್ಮನೋ ಅತ್ತೆಯೋ ಇಲ್ಲಿಗೆ ಬಂದಾಗ ಅವರಿಗೆ ಬರುವ ಹಾಡುಗಳನ್ನು ಅಂಕಿತದ ಸಾಲು ಬಿಡದೆ ಹೇಳಿಸಿ, ಧ್ವನಿಮುದ್ರಿಸಿಕೊಳ್ಳೋಣ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿ ಒಂದಾದರೂ ಕಲಿಸೋಣ. ಗಿರಿಯಮ್ಮನವರ ಹಾಡು ಇಷ್ಟು ಕಾಲ ಉಳಿದು ಬಂದದ್ದು ಹೀಗೆಯೇ.